ಯಾವ ಎಕ್ಸ್‌ಎಂಎಲ್ ಪಾರ್ಸರ್ ವೇಗ? ಗಡಿಯಾರ ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಪ್ರಶ್ನೆ: ನಮ್ಮಲ್ಲಿ ಹಳೆಯ ಕನ್ನಡ ಪತ್ರಿಕಾ ಲೇಖನಗಳ ಸಂಗ್ರಹ ಇದೆ. ಎಲ್ಲಾ ಒಂದೇ ಎಕ್ಸ್‌ಎಂಎಲ್ ಫೈಲಿನಲ್ಲಿದೆ (ಟ್ಯಾಗ್ ಅನ್ನುವ ಗುರುತುಗಳ ನಡುವೆ ಪಠ್ಯ ಇಡುವ ರೀತಿ), ಗಾತ್ರ ಸುಮಾರು 1.8 ಜಿಬಿ. ಟ್ಯಾಗ್‌ಗಳ ಹೆಸರೂ ಕನ್ನಡದಲ್ಲೇ ಇವೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ ಇದೆ, ಬರೆಯುತ್ತಿರುವುದು ಪೈಥಾನ್‌ನಲ್ಲಿ. ಪೈಥಾನ್ ಜೊತೆಗೇ ಬರುವ ಎಲಿಮೆಂಟ್‌ಟ್ರೀ ಪಾರ್ಸರ್ (ಎಕ್ಸ್‌ಎಂಎಲ್ ಓದಿ ಬಿಡಿಸುವ ಪ್ರೋಗ್ರಾಂ) ಬಳಸಿದರೆ ಒಂದು ಸೆಕೆಂಡ್ ಕೂಡ ಆಗದೆ 'ಇನ್‌ವ್ಯಾಲಿಡ್ ಟೋಕನ್' ಅಂತ ನಿಲ್ಲುತ್ತದೆ. ಎಲ್‌ಎಕ್ಸ್‌ಎಂಎಲ್ ಅನ್ನುವ ಇನ್ನೊಂದು ಪಾರ್ಸರ್ ತಪ್ಪಿಲ್ಲದೆ ಓದುತ್ತದೆ, ಆದರೆ ಮೆಮೊರಿ ತುಂಬಿ ಕೊನೆಗೆ ಕಿಲ್ ಆಗುತ್ತದೆ. ಬೇರೆ ಬೇರೆ ಹೋಲಿಕೆಗಳನ್ನು ಓದಿದೆ. ಒಂದರಲ್ಲಿ ಒಂದು ಮೊದಲು, ಇನ್ನೊಂದರಲ್ಲಿ ಇನ್ನೊಂದು ಮೊದಲು. ಗೆಳೆಯರು ಜಾವಾಕ್ಕೆ ಹೋಗು ಅಂತಾರೆ. ನಿಜವಾಗಿ ಯಾವ ಪಾರ್ಸರ್ ವೇಗ? ಹೋಲಿಸುವುದು ಹೇಗೆ?

ಉತ್ತರ: ನೀವು ಓದಿದ ಹೋಲಿಕೆಗಳು ಒಂದಕ್ಕೊಂದು ಹೊಂದದೆ ಇರುವುದಕ್ಕೆ ಕಾರಣ ಇದೆ. ಅವು ಅಳೆದದ್ದು ಒಂದೇ ಕೆಲಸವನ್ನಲ್ಲ. ಒಂದು ಪಾರ್ಸರ್ ಫೈಲನ್ನು ಪೂರ್ತಿ ಪರೀಕ್ಷಿಸಿ, ಟ್ಯಾಗ್‌ಗಳ ಮರ (ಯಾವುದರೊಳಗೆ ಯಾವುದು ಅನ್ನುವ ರಚನೆ) ಕಟ್ಟಿ, ಅಕ್ಷರಗಳನ್ನು ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಸ್ಟ್ರಿಂಗ್ (ಪಠ್ಯದ ತುಣುಕು) ಮಾಡಿ ಕೈಗೆ ಕೊಡುತ್ತದೆ. ಇನ್ನೊಂದು ಅರ್ಧ ಕೆಲಸ ಮಾಡಿ, ಉಳಿದದ್ದನ್ನು ನೀವು ಕೇಳಿದಾಗ ಮಾಡೋಣ ಅಂತ ಬಿಡುತ್ತದೆ. ಗಡಿಯಾರವನ್ನು ಎಲ್ಲಿ ನಿಲ್ಲಿಸಿದರು ಅನ್ನುವುದರ ಮೇಲೆ ಗೆದ್ದವರು ಬದಲಾಗುತ್ತಾರೆ. ನಿಮ್ಮ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ನಿಮ್ಮ ಫೈಲು ಕನ್ನಡದ್ದು. ಹೋಲಿಕೆಗೆ ಸಾಮಾನ್ಯವಾಗಿ ಬಳಸುವ ಫೈಲುಗಳು ಇಂಗ್ಲಿಷಿನವು.

ಮೊದಲು ಆ 'ಇನ್‌ವ್ಯಾಲಿಡ್ ಟೋಕನ್' ವಿಷಯ ಮುಗಿಸೋಣ. ಅದು ಸರಿಯಾಗದೆ ಹೋಲಿಕೆಯೇ ಶುರುವಾಗುವುದಿಲ್ಲ. ನೀವು ಕಳಿಸಿದ ತುಣುಕಿನಲ್ಲಿ ಇದು ಇತ್ತು:

<ಲೇಖನ ಕ್ರಮಸಂಖ್ಯೆ="4127">
<ಶೀರ್ಷಿಕೆ>ಹೇಮಾವತಿ ತುಂಬಿತು</ಶೀರ್ಷಿಕೆ>
<ಈಮೇಲ್‌ವಿಳಾಸ/>

ಮೂರನೇ ಸಾಲು ನೋಡಿ. 'ಈಮೇಲ್' ಆದ ಮೇಲೆ 'ವಿ' ಒತ್ತಕ್ಷರವಾಗದೆ ಬಿಡಿಯಾಗಿ ನಿಂತಿದೆ ಅಲ್ವಾ? ಹಾಗೆ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯಿನರ್. ಕನ್ನಡ ಟೈಪ್ ಮಾಡುವವರಿಗೆ ಇದು ದಿನನಿತ್ಯದ ವಸ್ತು. ಎಕ್ಸ್‌ಎಂಎಲ್ 1.0ರ ಹಳೆಯ ಆವೃತ್ತಿಗಳಲ್ಲಿ ಟ್ಯಾಗಿನ ಹೆಸರಿನೊಳಗೆ ಇದಕ್ಕೆ ಜಾಗ ಇರಲಿಲ್ಲ. 2008ರ ನವೆಂಬರಿನಲ್ಲಿ ಬಂದ ಐದನೇ ಆವೃತ್ತಿ ಒಪ್ಪಿಕೊಂಡಿತು. ಎಲಿಮೆಂಟ್‌ಟ್ರೀ ಒಳಗೆ ಕೆಲಸ ಮಾಡುವುದು ಎಕ್ಸ್‌ಪ್ಯಾಟ್ ಅನ್ನುವ ಸಿ ಭಾಷೆಯ ಪಾರ್ಸರ್. ಅದು ನಾಲ್ಕನೇ ಆವೃತ್ತಿಯ ನಿಯಮ ಪಾಲಿಸುತ್ತದೆ. ಎಲ್‌ಎಕ್ಸ್‌ಎಂಎಲ್ ಒಳಗಿರುವುದು ಲಿಬ್‌ಎಕ್ಸ್‌ಎಂಎಲ್2. ಅದು ಐದನೆಯದನ್ನು ಪಾಲಿಸುತ್ತದೆ. ನಿಮ್ಮ ಫೈಲು ಒಂದಕ್ಕೆ ತಪ್ಪು, ಇನ್ನೊಂದಕ್ಕೆ ಸರಿ ಆಗಿದ್ದು ಹೀಗೆ. ಫೈಲ್ ಬರೆದವರದ್ದೂ ತಪ್ಪಲ್ಲ, ನಿಮ್ಮದೂ ಅಲ್ಲ.

ಸರಿಪಡಿಸುವುದು ಸುಲಭ. ಆ ಟ್ಯಾಗನ್ನು ಮಾತ್ರ 'ಈಮೇಲ್-ವಿಳಾಸ' ಅಂತ ಅಡ್ಡಗೆರೆ ಹಾಕಿ ಬದಲಾಯಿಸಿ. ಎರಡೂ ಪಾರ್ಸರ್‌ಗಳು ಓದುತ್ತವೆ. ಆದರೆ ದಯವಿಟ್ಟು ಆ ಕಾಣದ ಅಕ್ಷರವನ್ನು ಇಡೀ ಫೈಲಿನಿಂದ ಒಮ್ಮೆಗೇ ಅಳಿಸಬೇಡಿ. ಲೇಖನದ ಪಠ್ಯದೊಳಗೆ ಅದಕ್ಕೆ ಯಾವ ತಡೆಯೂ ಇಲ್ಲ, ಅಲ್ಲಿ ಅದು ಬೇಕೇ ಬೇಕು. ಅಳಿಸಿದರೆ 'ಈಮೇಲ್‌ವಿಳಾಸ' ಅನ್ನುವುದು 'ಈಮೇಲ್ವಿಳಾಸ' ಆಗುತ್ತದೆ. ಸಾವಿರಾರು ಪದಗಳ ರೂಪ ಹೀಗೆ ಕೆಟ್ಟರೆ ಹಿಂದಕ್ಕೆ ತರುವುದು ಬಹಳ ಕಷ್ಟ.

ಈಗ ವೇಗದ ಮಾತು. ಅದಕ್ಕೆ ನಿಮ್ಮ ಫೈಲನ್ನು ಬೈಟ್ ಮಟ್ಟದಲ್ಲಿ ನೋಡಬೇಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. 'ಕ' ಅಂದರೆ 224, 178, 149. 'ಕನ್ನಡ' ಅನ್ನುವ ಪದದಲ್ಲಿ ಕ, ನ, ಸ್ವರ ತೆಗೆಯುವ ವಿರಾಮ ಚಿಹ್ನೆ (್), ಮತ್ತೆ ನ, ಡ ಅಂತ ಐದು ಚಿಹ್ನೆಗಳು. ಒಟ್ಟು 15 ಬೈಟ್. ನಿಮ್ಮ 'ಶೀರ್ಷಿಕೆ' ಟ್ಯಾಗಿನ ಹೆಸರೊಂದೇ 24 ಬೈಟ್. ತೆರೆಯುವಾಗ ಒಮ್ಮೆ, ಮುಚ್ಚುವಾಗ ಒಮ್ಮೆ ಬರುತ್ತದೆ.

ಇದರಿಂದ ಎರಡು ಪರಿಣಾಮ ಆಗುತ್ತದೆ. ಮೊದಲನೆಯದು, ಸೆಕೆಂಡಿಗೆ ಇಷ್ಟು ಎಂಬಿ ಅನ್ನುವ ಲೆಕ್ಕ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಎಂಬಿ ಇಂಗ್ಲಿಷಿನಲ್ಲಿ ಇರುವಷ್ಟು ಅಕ್ಷರ ಒಂದು ಎಂಬಿ ಕನ್ನಡದಲ್ಲಿ ಇರುವುದಿಲ್ಲ. ಸೆಕೆಂಡಿಗೆ ಎಷ್ಟು ಲೇಖನ ಅಂತ ಎಣಿಸಿ.

ಎರಡನೆಯದು ಇನ್ನೂ ಮುಖ್ಯ. ಪಾರ್ಸರ್ ಬರೆಯುವವರು ಇಂಗ್ಲಿಷ್ ಅಕ್ಷರಗಳಿಗೆ ಒಂದು ಅಡ್ಡದಾರಿ ಇಟ್ಟಿರುತ್ತಾರೆ. ಲಿಬ್‌ಎಕ್ಸ್‌ಎಂಎಲ್2ರ ಮೂಲ ಕೋಡ್ ತೆರೆದು ನೋಡಿದರೆ ಇದು ಕಾಣಿಸುತ್ತದೆ. ಟ್ಯಾಗಿನ ಹೆಸರು ಬರೀ ಆಸ್ಕಿ ಅಕ್ಷರಗಳಲ್ಲಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು) ಇದ್ದರೆ ಒಂದು ಚಿಕ್ಕ ಲೂಪಿನಲ್ಲಿ ಓದಿ ಮುಗಿಸುತ್ತದೆ. ಬೇರೆ ಲಿಪಿಯ ಒಂದು ಅಕ್ಷರ ಸಿಕ್ಕರೂ ಸಾಕು, ಒಂದೊಂದೇ ಅಕ್ಷರವನ್ನು ಬಿಡಿಸಿ, ಅದು ಹೆಸರಿನಲ್ಲಿ ಬರಬಹುದೇ ಅಂತ ಪಟ್ಟಿಗೆ ಹೋಲಿಸುವ ಉದ್ದ ದಾರಿಗೆ ಇಳಿಯುತ್ತದೆ. ಪಠ್ಯಕ್ಕೂ ಹೀಗೇ ಎರಡು ದಾರಿ. ಪೈಥಾನ್‌ನ ಯುಟಿಎಫ್-8 ಡಿಕೋಡರ್ (ಬೈಟುಗಳನ್ನು ಅಕ್ಷರ ಮಾಡುವ ಭಾಗ) ಕೂಡ ಆಸ್ಕಿ ಸಿಕ್ಕಾಗ ಹಲವು ಬೈಟ್‌ಗಳನ್ನು ಒಟ್ಟಿಗೆ ದಾಟಿಸುತ್ತದೆ, ಕನ್ನಡ ಸಿಕ್ಕಾಗ ಅದು ಆಗುವುದಿಲ್ಲ. ನಿಮ್ಮ ಫೈಲಿನಲ್ಲಿ ಟ್ಯಾಗ್ ಕನ್ನಡ, ಪಠ್ಯ ಕನ್ನಡ. ನೀವು ಪೂರ್ತಿ ಉದ್ದ ದಾರಿಯಲ್ಲೇ ನಡೆಯುತ್ತಿದ್ದೀರಿ. ಇಂಗ್ಲಿಷ್ ಫೈಲಿನ ಮೇಲೆ ಗೆದ್ದ ಪಾರ್ಸರ್ ಇಲ್ಲೂ ಅಷ್ಟೇ ಅಂತರದಲ್ಲಿ ಗೆಲ್ಲಬೇಕು ಅಂತೇನಿಲ್ಲ.

ಹಾಗಂತ ಟ್ಯಾಗ್‌ಗಳನ್ನು ಇಂಗ್ಲಿಷಿಗೆ ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಕನ್ನಡದ ಸಂಗ್ರಹಕ್ಕೆ ಕನ್ನಡದಲ್ಲೇ ಟ್ಯಾಗ್ ಇಟ್ಟವರು ಒಳ್ಳೆಯ ಕೆಲಸ ಮಾಡಿದ್ದಾರೆ. 1998ರ ಮೊದಲ ಎಕ್ಸ್‌ಎಂಎಲ್ ನಿಯಮದಲ್ಲೇ ಕನ್ನಡ ಅಕ್ಷರಗಳ ಹೆಸರಿಗೆ ಅವಕಾಶ ಇತ್ತು. ಅದನ್ನು ಬಳಸಿದವರು ಕಡಿಮೆ.

ಈಗ ನೀವು ಹೋಲಿಸಬೇಕಾದ ಇಬ್ಬರನ್ನು ನೋಡೋಣ. ಎಲಿಮೆಂಟ್‌ಟ್ರೀ ಫೈಲ್ ಓದುತ್ತಾ ಓದುತ್ತಾ ಪ್ರತಿ ಟ್ಯಾಗಿಗೂ ಒಂದು ಪೈಥಾನ್ ಆಬ್ಜೆಕ್ಟ್, ಪ್ರತಿ ಪಠ್ಯಕ್ಕೂ ಒಂದು ಪೈಥಾನ್ ಸ್ಟ್ರಿಂಗ್ ಮಾಡಿಬಿಡುತ್ತದೆ. ಓದುವಾಗಲೇ ಪೂರ್ತಿ ಖರ್ಚು. ಎಲ್‌ಎಕ್ಸ್‌ಎಂಎಲ್ ಹಾಗಲ್ಲ. ಲಿಬ್‌ಎಕ್ಸ್‌ಎಂಎಲ್2 ಮರವನ್ನು ಸಿ ಭಾಷೆಯ ರಚನೆಗಳಲ್ಲಿ ಕಟ್ಟಿ ಇಡುತ್ತದೆ, ಪಠ್ಯ ಯುಟಿಎಫ್-8 ಬೈಟುಗಳಾಗೇ ಕೂತಿರುತ್ತದೆ. ನೀವು ಒಂದು ಎಲಿಮೆಂಟನ್ನು (ಒಂದು ಟ್ಯಾಗ್ ಮತ್ತು ಅದರೊಳಗಿನದು) ಮುಟ್ಟಿದಾಗ ಮಾತ್ರ ಅದಕ್ಕೊಂದು ಪೈಥಾನ್ ಆಬ್ಜೆಕ್ಟ್ ಹುಟ್ಟುತ್ತದೆ. ಅದರ ಪಠ್ಯ ಕೇಳಿದಾಗ ಮಾತ್ರ ಡಿಕೋಡ್ ಆಗುತ್ತದೆ. ಅದೇ ಪಠ್ಯವನ್ನು ಎರಡು ಸಲ ಕೇಳಿದರೆ ಎರಡು ಸಲ ಡಿಕೋಡ್.

ಹಾಗಾಗಿ 'ಪಾರ್ಸ್' ಅನ್ನುವ ಒಂದು ಸಾಲಿಗೆ ಮಾತ್ರ ಗಡಿಯಾರ ಹಿಡಿದರೆ ಎಲ್‌ಎಕ್ಸ್‌ಎಂಎಲ್‌ಗೆ ಅನುಕೂಲ. ಅದರ ಅರ್ಧ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಲೇಖನದ ಪಠ್ಯ ತೆಗೆದು ಪದ ಎಣಿಸುವವರೆಗೂ ಗಡಿಯಾರ ಓಡಿದರೆ ಅಂತರ ಬದಲಾಗುತ್ತದೆ. ನಿಮಗೆ ಸಾವಿರ ಲೇಖನದಲ್ಲಿ ಹತ್ತರ ಶೀರ್ಷಿಕೆ ಮಾತ್ರ ಸಾಕಾದರೆ ಎಲ್‌ಎಕ್ಸ್‌ಎಂಎಲ್‌ನ ಸೋಮಾರಿತನವೇ ನಿಮಗೆ ಲಾಭ. ಎಲ್ಲಾ ಪಠ್ಯ ಬೇಕಾದರೆ ಆ ಲಾಭ ಇಲ್ಲ. ನಿಮ್ಮ ಕೆಲಸ ಯಾವುದು ಅಂತ ಗೊತ್ತಿಲ್ಲದೆ ಯಾರೂ ನಿಮಗೆ ಒಂದು ಹೆಸರು ಹೇಳಲಾರರು.

ಸಿ++ ಪಾರ್ಸರ್‌ಗಳ ಹೋಲಿಕೆಯಲ್ಲೂ ಇದೇ ನಡೆಯುತ್ತದೆ. ರ‍್ಯಾಪಿಡ್‌ಎಕ್ಸ್‌ಎಂಎಲ್ ತನ್ನ ವೇಗವನ್ನು 'ಸ್ಟ್ರ್‌ಲೆನ್'ಗೆ ಹೋಲಿಸಿಕೊಳ್ಳುತ್ತದೆ. ಅಂದರೆ ಸುಮ್ನೆ ಸ್ಟ್ರಿಂಗಿನ ಉದ್ದ ಅಳೆಯುವಷ್ಟೇ ಹೊತ್ತು. ಅದು ಸಾಧ್ಯವಾಗುವುದು ಹೇಗೆ? ಪಠ್ಯವನ್ನು ನಕಲು ಮಾಡುವುದಿಲ್ಲ, ನೀವು ಕೊಟ್ಟ ಬಫರಿನಲ್ಲೇ (ಮೆಮೊರಿಯ ಜಾಗದಲ್ಲೇ) ತಿದ್ದಿ ಅಲ್ಲಿಗೇ ಬೆರಳು ತೋರಿಸುತ್ತದೆ. ಮುಚ್ಚುವ ಟ್ಯಾಗಿನ ಹೆಸರು ತೆರೆದದ್ದಕ್ಕೆ ಹೊಂದುತ್ತದೆಯೇ ಅಂತ ನೋಡುವುದಕ್ಕೂ ಬೇರೆಯಾಗಿ ಹೇಳಬೇಕು. ಪಗಿಎಕ್ಸ್‌ಎಂಎಲ್ ಕೂಡ ಬಹಳ ಚುರುಕು. ಒಂದೇ ಟ್ಯಾಗಿನಲ್ಲಿ ಒಂದೇ ಹೆಸರಿನ ಎರಡು ಗುಣಗಳಿದ್ದರೂ (ಮೇಲಿನ 'ಕ್ರಮಸಂಖ್ಯೆ'ಯಂಥವು) ತಡೆಯುವುದಿಲ್ಲ. ಆಸ್ಕಿ ಅಲ್ಲದ ಅಕ್ಷರ ಯಾವುದೇ ಇರಲಿ, ಹೆಸರಿನಲ್ಲಿ ಒಪ್ಪಿಕೊಳ್ಳುತ್ತದೆ. ಇವು ದೋಷಗಳಲ್ಲ, ಬರೆದವರು ತಿಳಿದೇ ಮಾಡಿದ ಆಯ್ಕೆ. ನಿಮ್ಮದೇ ಪ್ರೋಗ್ರಾಂ ಬರೆದ ಫೈಲನ್ನು ನೀವೇ ಓದುವಾಗ ಒಳ್ಳೆಯ ಆಯ್ಕೆ ಕೂಡ. ಬೇರೆಯವರು ಕಳಿಸಿದ, ಎಲ್ಲಿ ಮುರಿದಿದೆಯೋ ಗೊತ್ತಿಲ್ಲದ ಹಳೆಯ ಸಂಗ್ರಹಕ್ಕೆ ನಾನು ಪರೀಕ್ಷೆ ಮಾಡುವ ಪಾರ್ಸರನ್ನೇ ತೆಗೆದುಕೊಳ್ಳುತ್ತೇನೆ. ಎಲ್ಲೋ ಒಂದು ಟ್ಯಾಗ್ ತಪ್ಪಿ ಮುಚ್ಚಿದ್ದಕ್ಕೆ ಎರಡು ಲೇಖನ ಸೇರಿಹೋದರೆ ಯಾರು ಕಂಡುಹಿಡಿಯಬೇಕು?

ಇಲ್ಲೇ ನನಗೆ ಒಮ್ಮೆ ಆದ ತಪ್ಪನ್ನು ಹೇಳಬೇಕು. ಕನ್ನಡ ವಿಕಿಪೀಡಿಯದ ಡಂಪ್ ಫೈಲ್ (ಎಲ್ಲಾ ಪುಟಗಳ ನಕಲು) ಇಟ್ಟುಕೊಂಡು ಎರಡು ಪ್ರೋಗ್ರಾಂ ಹೋಲಿಸುತ್ತಿದ್ದೆ. ಒಂದು ಇನ್ನೊಂದಕ್ಕಿಂತ ಎಷ್ಟೋ ಬೇಗ ಮುಗಿಯಿತು. ಖುಷಿಯಿಂದ ಅದನ್ನೇ ಇಟ್ಟುಕೊಂಡೆ. ಮಾರನೇ ದಿನ ಫಲಿತಾಂಶ ತೆರೆದರೆ ಖಾಲಿ. ಆ ಡಂಪಿನ ಟ್ಯಾಗ್‌ಗಳಿಗೆಲ್ಲಾ ನೇಮ್‌ಸ್ಪೇಸ್ ಇದೆ, ಅಂದರೆ ಹೆಸರಿನ ಜೊತೆ ಅದು ಯಾವ ಗುಂಪಿನದು ಅನ್ನುವ ಗುರುತೂ ಸೇರಿರುತ್ತದೆ. ನಾನು ಬರೀ ಟ್ಯಾಗಿನ ಹೆಸರು ಕೊಟ್ಟು ಹುಡುಕಿದ್ದೆ. ಒಂದು ಪುಟವೂ ಸಿಕ್ಕಿರಲಿಲ್ಲ, ಒಂದು ಅಕ್ಷರವನ್ನೂ ಅದು ಪೈಥಾನ್‌ಗೆ ತಂದಿರಲಿಲ್ಲ. ಅಂದಿನಿಂದ ನಾನು ಸಮಯದ ಜೊತೆಗೆ ಯಾವಾಗಲೂ ಎರಡು ಸಂಖ್ಯೆ ಬರೆದಿಡುತ್ತೇನೆ: ಎಷ್ಟು ಲೇಖನ ಸಿಕ್ಕಿತು, ಒಟ್ಟು ಎಷ್ಟು ಅಕ್ಷರ ಬಂತು. ಎರಡು ಪಾರ್ಸರ್‌ಗಳಲ್ಲಿ ಈ ಸಂಖ್ಯೆ ಒಂದೇ ಇಲ್ಲದಿದ್ದರೆ ಸಮಯದ ಕಡೆ ನೋಡುವುದೇ ಇಲ್ಲ.

ಒಟ್ಟು ಅಕ್ಷರ ಎಣಿಸುವುದರಿಂದ ಇನ್ನೊಂದು ತಪ್ಪೂ ಸಿಗುತ್ತದೆ. ಸ್ಯಾಕ್ಸ್ ರೀತಿಯ ಪಾರ್ಸರ್‌ಗಳು ಮರ ಕಟ್ಟುವುದಿಲ್ಲ, ಟ್ಯಾಗ್ ಶುರುವಾಯಿತು, ಪಠ್ಯ ಬಂತು, ಟ್ಯಾಗ್ ಮುಗಿಯಿತು ಅಂತ ಕೂಗಿ ಹೇಳುತ್ತಾ ಹೋಗುತ್ತವೆ. ಮೆಮೊರಿ ಬಹಳ ಕಡಿಮೆ ಸಾಕು. ಆದರೆ ಒಂದು ಪ್ಯಾರಾ ಪಠ್ಯವನ್ನು ಒಂದೇ ಸಲ ಕೊಡುತ್ತೇವೆ ಅಂತ ಅವು ಮಾತು ಕೊಟ್ಟಿಲ್ಲ. ತುಂಡು ತುಂಡಾಗಿ ಕೊಡಬಹುದು. 'ಅನ್ನ' ಅನ್ನುವ ಪದದಲ್ಲಿ ಮೊದಲ ತುಂಡು 'ಅನ್'ಗೆ ಮುಗಿದು, ಮುಂದಿನದು 'ನ'ದಿಂದ ಶುರುವಾಗಬಹುದು. ತುಂಡುಗಳನ್ನು ಹಾಗೇ ಜೋಡಿಸಿದರೆ ತೊಂದರೆ ಇಲ್ಲ. ಪ್ರತಿ ತುಂಡಿನ ಅಂಚಿನ ಖಾಲಿ ಜಾಗ ಕತ್ತರಿಸಿದರೆ ಅಥವಾ ಕೊನೆಯ ತುಂಡನ್ನು ಮಾತ್ರ ಇಟ್ಟುಕೊಂಡರೆ ಪಠ್ಯ ಹಾಳು. ಕನ್ನಡವನ್ನು &#3221; ಹೀಗೆ ಸಂಖ್ಯೆಯಲ್ಲಿ ಬರೆದಿಟ್ಟ ಹಳೆಯ ಫೈಲುಗಳಲ್ಲಿ ಇದು ಇನ್ನೂ ಜಾಸ್ತಿ. ಅದು 'ಕ'. ಮೂರು ಬೈಟಿನ ಜಾಗದಲ್ಲಿ ಏಳು ಬೈಟು. ಎಕ್ಸ್‌ಪ್ಯಾಟ್ ಅಂಥ ಒಂದೊಂದನ್ನೂ ಬೇರೆ ಬೇರೆಯಾಗಿ ಕೂಗುತ್ತದೆ, ಪ್ರತಿ ಅಕ್ಷರಕ್ಕೂ ಒಮ್ಮೆ ನಿಮ್ಮ ಫಂಕ್ಷನ್ ಓಡುತ್ತದೆ. ಪೈಥಾನ್‌ನಲ್ಲಿ ಎಕ್ಸ್‌ಪ್ಯಾಟನ್ನು ನೇರವಾಗಿ ಬಳಸಿದರೆ 'ಬಫರ್ ಟೆಕ್ಸ್ಟ್' ಅನ್ನುವ ಆಯ್ಕೆ ಇದೆ. ಅದನ್ನು ಹಾಕಿದರೆ ಕೂಡಿಸಿ ಕೊಡುತ್ತದೆ. ನಿಮ್ಮ ಫೈಲಿನಲ್ಲಿ ಇಂಥದ್ದು ಇದೆಯೇ ಅಂತ ಒಮ್ಮೆ ಹುಡುಕಿ ನೋಡಿ.

ಅಳೆಯುವಾಗ ಗಡಿಯಾರಕ್ಕೆ ಬೇರೆಯವರ ಖರ್ಚು ಸೇರಬಾರದು. ವಿಕಿಪೀಡಿಯದ ಡಂಪು ಬಿಝಿಪ್2ನಲ್ಲಿ ಕುಗ್ಗಿಸಿದ ರೂಪದಲ್ಲಿ ಬರುತ್ತದೆ. ಅದನ್ನು ಬಿಚ್ಚುವುದು ನಿಧಾನದ ಕೆಲಸ. ಬಿಚ್ಚುತ್ತಾ ಪಾರ್ಸ್ ಮಾಡಿದರೆ ಅಳೆದದ್ದು ಪಾರ್ಸರನ್ನಲ್ಲ. ಮೊದಲ ಸಲ ಓಡಿಸಿದಾಗ ಫೈಲ್ ಡಿಸ್ಕಿನಿಂದ ಬರುತ್ತದೆ, ಎರಡನೇ ಸಲ ಮೆಮೊರಿಯಲ್ಲೇ ಉಳಿದಿರಬಹುದು. ಹಾಗಾಗಿ ಎರಡನೆಯದಾಗಿ ಓಡಿದ ಪಾರ್ಸರ್ ಸುಮ್ಮನೆ ವೇಗವಾಗಿ ಕಾಣುತ್ತದೆ. ಎರಡನ್ನೂ ನಾಲ್ಕೈದು ಸಲ, ಅದಲು ಬದಲು ಮಾಡಿ ಓಡಿಸಿ. ಪೈಥಾನ್‌ನ 'ಟೈಮ್‌ಇಟ್' ಬಳಸುವವರು ಇನ್ನೊಂದು ಗಮನಿಸಬೇಕು: ಅದು ತಾನಾಗೇ ಗಾರ್ಬೇಜ್ ಕಲೆಕ್ಷನ್ (ಬೇಡವಾದ ಮೆಮೊರಿ ಬಿಡಿಸುವ ಕೆಲಸ) ನಿಲ್ಲಿಸಿ ಅಳೆಯುತ್ತದೆ. ಲಕ್ಷಗಟ್ಟಲೆ ಆಬ್ಜೆಕ್ಟ್ ಹುಟ್ಟಿಸುವ ಪಾರ್ಸರಿಗೆ ಅದು ದೊಡ್ಡ ರಿಯಾಯಿತಿ.

ಫೈಲಿನ ತಲೆಯಲ್ಲಿ ಡಿಟಿಡಿಯ (ಟ್ಯಾಗ್‌ಗಳ ನಿಯಮ ಬರೆದ ಫೈಲ್) ವಿಳಾಸ ಇದ್ದರೂ ಎಚ್ಚರ. ಕೆಲವು ಪಾರ್ಸರ್‌ಗಳು, ಜಾವಾದ ಜೊತೆ ಬರುವುದೂ ಸೇರಿ, ಅದನ್ನು ತರಲು ತಾವಾಗೇ ಇಂಟರ್‌ನೆಟ್ಟಿಗೆ ಹೋಗುತ್ತವೆ. ಎಕ್ಸ್‌ಎಂಎಲ್ ನಿಯಮ ಮಾಡುವ ಡಬ್ಲ್ಯು3ಸಿ ಸಂಸ್ಥೆ 2008ರಲ್ಲಿ ಈ ಬಗ್ಗೆ ಬಹಿರಂಗವಾಗಿ ದೂರಿತು. ವರ್ಷಗಟ್ಟಲೆ ಬದಲಾಗದ ಅವೇ ಫೈಲುಗಳಿಗಾಗಿ ದಿನಕ್ಕೆ 13 ಕೋಟಿವರೆಗೆ ಕೋರಿಕೆಗಳು ಅವರ ಸರ್ವರಿಗೆ ಬರುತ್ತಿದ್ದವು. ನಿಮ್ಮ ಅಳತೆಯಲ್ಲಿ ಎಲ್ಲೋ ಇರುವ ಸರ್ವರಿನ ನಿಧಾನವೂ ಸೇರಿದರೆ ಅದು ಯಾವ ಅಳತೆ? ಹೊರಗಿನ ಡಿಟಿಡಿ ತರುವುದನ್ನು ಆಫ್ ಮಾಡಿ. ಭದ್ರತೆಗೂ ಅದೇ ಒಳ್ಳೆಯದು.

ಜಾವಾದ ಪ್ರಶ್ನೆಗೆ ಚಿಕ್ಕದಾಗಿ ಹೇಳುತ್ತೇನೆ. ಜಾವಾದಲ್ಲಿ ಒಳ್ಳೆಯ ಪಾರ್ಸರ್‌ಗಳಿವೆ. ಮರ ಕಟ್ಟದೆ ತುಂಡು ತುಂಡಾಗಿ ಓದುವ ಸ್ಟ್ಯಾಕ್ಸ್ ವಿಧಾನ ಜಾವಾ 6ರಿಂದ ಜೊತೆಗೇ ಬರುತ್ತದೆ, ವುಡ್‌ಸ್ಟಾಕ್ಸ್ ಕೂಡ ಗಟ್ಟಿಯಾದದ್ದು. ಆದರೆ ಜಾವಾ ಶುರುವಿನಲ್ಲಿ ನಿಧಾನ. ಒಂದಷ್ಟು ಹೊತ್ತು ಓಡಿದ ಮೇಲೆ ಕೋಡು ಯಂತ್ರಭಾಷೆಗೆ ಬದಲಾಗಿ ಚುರುಕಾಗುತ್ತದೆ. ಚಿಕ್ಕ ಫೈಲಿನಲ್ಲಿ ಅಳೆದರೆ ಅದಕ್ಕೆ ಅನ್ಯಾಯ. ನಿಮ್ಮ ತೊಂದರೆ ಇರುವುದು ಭಾಷೆಯಲ್ಲಿ ಅಲ್ಲ, ಇಡೀ ಮರವನ್ನು ಮೆಮೊರಿಯಲ್ಲಿ ಕಟ್ಟುವುದರಲ್ಲಿ. ಅದನ್ನೇ ಜಾವಾದಲ್ಲಿ ಮಾಡಿದರೂ 8 ಜಿಬಿ ಸಾಲುವುದು ಕಷ್ಟ. ಹೊಸ ಜಾವಾ ಮತ್ತು ಪೈಥಾನ್ ಎರಡೂ ಬರೀ ಇಂಗ್ಲಿಷ್ ಇರುವ ಸ್ಟ್ರಿಂಗನ್ನು ಅಕ್ಷರಕ್ಕೆ ಒಂದು ಬೈಟಿನಂತೆ ಇಡುತ್ತವೆ. ಕನ್ನಡದ ಒಂದು ಅಕ್ಷರ ಬಂದರೂ ಆ ಇಡೀ ಸ್ಟ್ರಿಂಗ್, ಖಾಲಿ ಜಾಗ ಮತ್ತು ಅಂಕಿಗಳೂ ಸೇರಿ, ಎರಡೆರಡು ಬೈಟಿಗೆ ಹೋಗುತ್ತದೆ. ಹಾಗಿದ್ದರೂ ಅದು ಡಿಸ್ಕಿನ ಮೂರು ಬೈಟಿಗಿಂತ ಕಡಿಮೆಯೇ. ಮೆಮೊರಿ ನುಂಗುವುದು ಪಠ್ಯಕ್ಕಿಂತ ಹೆಚ್ಚಾಗಿ ಪ್ರತಿ ಟ್ಯಾಗಿನ ಸುತ್ತ ಕಟ್ಟುವ ರಚನೆಗಳು. ಚಿಕ್ಕ ಚಿಕ್ಕ ಟ್ಯಾಗ್ ಜಾಸ್ತಿ ಇದ್ದಷ್ಟೂ ಹೊರೆ ಜಾಸ್ತಿ.

ಹಾಗಾದರೆ ಈಗ ಏನು ಮಾಡಬೇಕು? ಎರಡು ಲೈಬ್ರರಿಗಳಲ್ಲೂ 'ಐಟರ್‌ಪಾರ್ಸ್' ಇದೆ. ಅದರಲ್ಲಿ ಒಂದು ಲೇಖನ ಮುಗಿದಾಗಲೆಲ್ಲಾ ನಿಮ್ಮ ಕೈಗೆ ಬರುತ್ತದೆ. ಕೆಲಸ ಮುಗಿಸಿ, ಅದನ್ನು 'ಕ್ಲಿಯರ್' ಮಾಡಿ, ಮುಂದಿನದಕ್ಕೆ ಹೋಗಿ. ಬಹಳ ಜನ ಇಲ್ಲಿ ಒಂದು ಹೆಜ್ಜೆ ಮರೆಯುತ್ತಾರೆ. ಲೇಖನವನ್ನು ಕ್ಲಿಯರ್ ಮಾಡಿದರೆ ಒಳಗಿನದು ಹೋಗುತ್ತದೆ, ಆದರೆ ಖಾಲಿ ಡಬ್ಬಿ ಬೇರಿಗೆ (ಎಲ್ಲವನ್ನೂ ಒಳಗೊಂಡ ಹೊರಗಿನ ಟ್ಯಾಗಿಗೆ) ಅಂಟಿಕೊಂಡೇ ಇರುತ್ತದೆ. ಲಕ್ಷ ಲೇಖನ ಅಂದರೆ ಲಕ್ಷ ಖಾಲಿ ಡಬ್ಬಿ. ಮೆಮೊರಿ ನಿಧಾನವಾಗಿ ಏರುತ್ತಾ ಹೋಗುತ್ತದೆ. ಎಲಿಮೆಂಟ್‌ಟ್ರೀಯಲ್ಲಿ 'ಸ್ಟಾರ್ಟ್' ಘಟನೆಯನ್ನೂ ಕೇಳಿ, ಮೊದಲು ಸಿಗುವ ಬೇರು ಎಲಿಮೆಂಟನ್ನು ಹಿಡಿದಿಟ್ಟುಕೊಳ್ಳಿ. ಪ್ರತಿ ಲೇಖನದ ನಂತರ ಆ ಬೇರನ್ನೇ ಕ್ಲಿಯರ್ ಮಾಡಿ. ಎಲ್‌ಎಕ್ಸ್‌ಎಂಎಲ್‌ನಲ್ಲಿ ಲೇಖನ ಕ್ಲಿಯರ್ ಮಾಡಿದ ಮೇಲೆ ಅದರ ಹಿಂದಿನ ಸೋದರರನ್ನು (ಮುಗಿದ ಲೇಖನಗಳ ಡಬ್ಬಿಗಳನ್ನು) ತಂದೆಯಿಂದ (ಅವುಗಳ ಹೊರಗಿನ ಟ್ಯಾಗಿನಿಂದ) ಅಳಿಸಿ. ಅಲ್ಲಿ ಇನ್ನೊಂದು ಸೌಲಭ್ಯ ಇದೆ, ಐಟರ್‌ಪಾರ್ಸ್‌ಗೆ 'ಲೇಖನ' ಅಂತ ಟ್ಯಾಗಿನ ಹೆಸರು ಕೊಟ್ಟರೆ ಅದು ಮಾತ್ರ ಪೈಥಾನ್ ಕಡೆಗೆ ಬರುತ್ತದೆ.

ಮೆಮೊರಿ ಅಳೆಯಲು ಪೈಥಾನ್‌ನ 'ಟ್ರೇಸ್‌ಮ್ಯಾಲಾಕ್' ನಂಬಬೇಡಿ. ಅದಕ್ಕೆ ಕಾಣುವುದು ಪೈಥಾನ್ ತಾನೇ ಹಂಚಿದ ಮೆಮೊರಿ ಮಾತ್ರ. ಲಿಬ್‌ಎಕ್ಸ್‌ಎಂಎಲ್2 ಕಟ್ಟಿದ ಮರ ಅದರ ಲೆಕ್ಕದಲ್ಲೇ ಇಲ್ಲ. ಎಲ್‌ಎಕ್ಸ್‌ಎಂಎಲ್ ಏನೂ ತಿನ್ನುವುದಿಲ್ಲ ಅನ್ನುವ ಹಾಗೆ ಕಾಣುತ್ತದೆ. ಲಿನಕ್ಸ್‌ನಲ್ಲಿ ಜಿಎನ್‌ಯು 'ಟೈಮ್' ಕಮಾಂಡಿಗೆ ಮೈನಸ್ ವಿ ಕೊಟ್ಟು ಓಡಿಸಿದರೆ ಪ್ರೋಗ್ರಾಂ ಅತಿ ಹೆಚ್ಚು ಎಷ್ಟು ಮೆಮೊರಿ ಹಿಡಿಯಿತು ಅಂತ ಕೊನೆಯಲ್ಲಿ ತೋರಿಸುತ್ತದೆ. ಅದೇ ಸರಿಯಾದ ಸಂಖ್ಯೆ.

ಎಲ್‌ಎಕ್ಸ್‌ಎಂಎಲ್ ನಡುವೆ ಎಲ್ಲೋ ಪಠ್ಯ ತುಂಬಾ ದೊಡ್ಡದು ಅಂತ ನಿಂತರೆ ಗಾಬರಿಯಾಗಬೇಡಿ. ಒಂದು ಪಠ್ಯ 1 ಕೋಟಿ ಬೈಟ್ ಮೀರಬಾರದು ಅಂತ ಲಿಬ್‌ಎಕ್ಸ್‌ಎಂಎಲ್2ರಲ್ಲಿ ಮಿತಿ ಇದೆ. ಕನ್ನಡದಲ್ಲಿ ಅದು ಸುಮಾರು 33 ಲಕ್ಷ ಅಕ್ಷರಕ್ಕೇ ಮುಗಿಯುತ್ತದೆ. ಲೇಖನಗಳು ಅಷ್ಟು ದೊಡ್ಡದಿರುವುದಿಲ್ಲ, ಆದರೆ ಯಾರಾದರೂ ಸ್ಕ್ಯಾನ್ ಚಿತ್ರವನ್ನು ಟ್ಯಾಗಿನೊಳಗೆ ತುಂಬಿದ್ದರೆ ಮೀರಬಹುದು. ಫೈಲ್ ನಂಬಿಕೆಯದ್ದಾದರೆ 'ಹ್ಯೂಜ್ ಟ್ರೀ' ಆಯ್ಕೆ ಹಾಕಿ ಮುಂದುವರಿಯಿರಿ.

ಹೋಲಿಕೆಯನ್ನು ಮೂರು ಹಂತದಲ್ಲಿ ಮಾಡಿ. ಮೊದಲು ಐಟರ್‌ಪಾರ್ಸ್ ಓಡಿಸಿ ಲೇಖನ ಎಣಿಸುವುದು, ಅಷ್ಟೇ. ಆಮೇಲೆ ಪ್ರತಿ ಲೇಖನದ ಪಠ್ಯ ತೆಗೆದು ಅಕ್ಷರ ಎಣಿಸುವುದು. ಕೊನೆಗೆ ನಿಮ್ಮ ನಿಜವಾದ ಕೆಲಸ, ಪದ ಬಿಡಿಸುವುದೋ ಹುಡುಕುಪಟ್ಟಿ ಮಾಡುವುದೋ, ಅದನ್ನೂ ಸೇರಿಸಿ. ಮೂರೂ ಸಮಯ ಪಕ್ಕಪಕ್ಕ ಬರೆದರೆ ಖರ್ಚು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಎರಡನೇ ಮತ್ತು ಮೂರನೇ ಹಂತದ ನಡುವೆ ದೊಡ್ಡ ಜಿಗಿತ ಕಂಡರೆ ಪಾರ್ಸರ್ ಬದಲಾಯಿಸಿ ಉಪಯೋಗ ಇಲ್ಲ, ನಿಮ್ಮ ಪದ ಬಿಡಿಸುವ ಕೋಡಿನ ಮೇಲೆ ಕೂರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಎಲ್‌ಎಕ್ಸ್‌ಎಂಎಲ್‌ನ ಐಟರ್‌ಪಾರ್ಸ್‌ನಿಂದ ಶುರು ಮಾಡುತ್ತೇನೆ. ವೇಗಕ್ಕಾಗಿ ಅಲ್ಲ, ನಿಮ್ಮ ಟ್ಯಾಗ್‌ಗಳನ್ನು ಇದ್ದ ಹಾಗೇ ಓದುತ್ತದೆ ಅನ್ನುವುದಕ್ಕಾಗಿ. ಒಂದೇ ಒಂದು ಸಲ ಪೂರ್ತಿ ಓದಿ, ಪ್ರತಿ ಲೇಖನವನ್ನು ಕ್ರಮಸಂಖ್ಯೆ, ಶೀರ್ಷಿಕೆ, ಪಠ್ಯ ಅಂತ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹಾಕಿಬಿಡಿ. ಪ್ರತಿ ಲೇಖನಕ್ಕೂ ಕಮಿಟ್ (ಡಿಸ್ಕಿಗೆ ಖಾಯಂ ಬರೆಯುವುದು) ಮಾಡಬೇಡಿ, ಸಾವಿರಕ್ಕೊಮ್ಮೆ ಮಾಡಿ. ಇಲ್ಲದಿದ್ದರೆ ಪಾರ್ಸರಿಗಿಂತ ಡಿಸ್ಕಿಗೆ ಕಾಯುವುದೇ ಜಾಸ್ತಿಯಾಗುತ್ತದೆ. ಮೂಲ ಎಕ್ಸ್‌ಎಂಎಲ್ ಫೈಲನ್ನು ಮುಟ್ಟದೆ ಜೋಪಾನವಾಗಿಡಿ. ಈಮೇಲ್ ಟ್ಯಾಗ್ ತಿದ್ದುವುದಿದ್ದರೂ ನಕಲಿನಲ್ಲಿ ತಿದ್ದಿ.